'ನಿಮ್ಮ ಮನ್ಯಾಗ ಹೇಳ್ತೀನಿ' ಅನ್ನುವವನಿಗೆ ಬಲ ಕೊಡಬೇಡಿ: ಬಾಗಲಕೋಟೆಯ ಪ್ರಾಂಶುಪಾಲರಿಗೆ ಒಂದು ಬಹಿರಂಗ ಪತ್ರ

ವಿದ್ಯಾಗಿರಿ, ನವನಗರ ಮತ್ತು ಹಳೇ ಬಾಗಲಕೋಟೆಯ ಪಿಯು, ಡಿಗ್ರಿ, ಎಂಜಿನಿಯರಿಂಗ್ ಕಾಲೇಜುಗಳ ಪ್ರಾಂಶುಪಾಲರಿಗೆ, ಹಾಸ್ಟೆಲ್ ವಾರ್ಡನ್‌ಗಳಿಗೆ ನಮಸ್ಕಾರ.

ನಾನು ಮೊಬೈಲ್ ರಿಪೇರಿ ಮಾಡುವವನು. ಅಂಗಡಿ ಕಾಲೇಜುಗಳ ದಾರಿಯಲ್ಲೇ ಇದೆ. ನಾನು ಹಿಂದೆ ಬೆಂಚಿನ ಮೇಲೆ ಡಿಸ್‌ಪ್ಲೇ, ಬ್ಯಾಟರಿ, ಚಾರ್ಜಿಂಗ್ ಪಿನ್ ನೋಡುತ್ತೇನೆ. ಹೆಂಡತಿ ಕೌಂಟರಿನಲ್ಲಿ ಇರುತ್ತಾಳೆ. ನಿಮ್ಮ ವಿದ್ಯಾರ್ಥಿಗಳು ನಿಮ್ಮ ಮುಂದೆ ಆಡದ ಎಷ್ಟೋ ಮಾತು ನಮ್ಮ ಕೌಂಟರಿಗೆ ಬರುತ್ತೆ. ಲಾಕ್ ತೆಗೆದು ಫೋನನ್ನೇ ಕೈಗೆ ಕೊಟ್ಟ ಮೇಲೆ ಮುಚ್ಚಿಡುವುದಕ್ಕೆ ಏನು ಉಳಿಯುತ್ತೆ ಹೇಳಿ.

ನನ್ನ ಬೇಡಿಕೆ ಒಂದೇ. ಪ್ರೀತಿ ಮಾಡುವ ಹುಡುಗ ಹುಡುಗಿಯ ಫೋನಿನೊಳಗೆ ಕೂತು ಕಾವಲು ಕಾಯುತ್ತಾನೆ. ಆಕೆ ಬಿಡಿಸಿಕೊಳ್ಳಲು ನೋಡಿದರೆ "ನಿಮ್ಮ ಮನ್ಯಾಗ ಹೇಳ್ತೀನಿ ನೋಡು" ಅನ್ನುತ್ತಾನೆ. ಆಕೆ ಧೈರ್ಯ ಮಾಡಿ ನಿಮ್ಮ ಹತ್ತಿರ ಬಂದರೆ ನೀವು ಮಾಡುವ ಮೊದಲ ಕೆಲಸ, ಅವರ ಮನೆಗೆ ಫೋನ್ ಹಚ್ಚುವುದು. ಅವನು ಬರೀ ಹೆದರಿಸುತ್ತಿದ್ದ. ನೀವು ಮಾಡಿಯೇ ಬಿಡುತ್ತೀರಿ. ಈ ಪದ್ಧತಿ ಬಿಡಿ ಅಂತ ಕೇಳುವುದಕ್ಕೇ ಬರೆಯುತ್ತಿದ್ದೇನೆ.

ಮೊದಲು ಅಂಗಡಿಯಲ್ಲಿ ಕಾಣುವುದನ್ನು ಹೇಳುತ್ತೇನೆ. ಯಾರ ಗುರುತೂ ಸಿಗಬಾರದು ಅಂತ ಊರು, ಕೋರ್ಸು ಅದಲುಬದಲು ಮಾಡಿದ್ದೇನೆ.

ಒಬ್ಬ ಹುಡುಗ ಹೊಸ ಫೋನ್ ತಗೊಂಡು ಬರುತ್ತಾನೆ. ಹುಡುಗಿಗೆ ಗಿಫ್ಟ್. ಒಳ್ಳೆ ಗ್ಲಾಸ್, ಒಳ್ಳೆ ಕವರ್ ಎಲ್ಲ ಹಾಕಿಸುತ್ತಾನೆ. ಆಮೇಲೆ ಮೆಲ್ಲಗೆ, "ಅಣ್ಣಾ, ಇದಕ್ಕ ನನ್ನ ಜಿಮೇಲ್ ಹಾಕಿಬಿಡ್ರಿ" ಅನ್ನುತ್ತಾನೆ. ಸಿಮ್ ಕೂಡ ಅವನ ಹೆಸರಿನದೇ. ಗೊತ್ತಿಲ್ಲದವರಿಗೆ ಇದು ಸಣ್ಣ ವಿಷಯ. ಜಿಮೇಲ್ ಅವನದಾದರೆ ಆ ಫೋನ್ ಈಗ ಎಲ್ಲಿದೆ ಅಂತ ಅವನು ತನ್ನ ಫೋನಿನಲ್ಲೇ ನೋಡಬಹುದು. ಆಕೆ ತೆಗೆದ ಫೋಟೋ ಬ್ಯಾಕಪ್ ಆಗಿ ಅವನ ಖಾತೆಗೆ ಹೋಗುತ್ತೆ. ಸೇವ್ ಮಾಡಿದ ನಂಬರ್‌ಗಳು ಅವನಿಗೂ ಕಾಣುತ್ತವೆ. ಜಗಳ ಆದ ದಿನ ದೂರದಿಂದಲೇ ಫೋನ್ ಲಾಕ್ ಮಾಡಬಹುದು, ಒಳಗಿದ್ದುದನ್ನೆಲ್ಲ ಅಳಿಸಬಹುದು. ಸಿಮ್ ಅವನ ಹೆಸರಿನಲ್ಲಿದ್ದರೆ ಅದೇ ನಂಬರಿನ ಡೂಪ್ಲಿಕೇಟ್ ಅವನೇ ತಗೋಬಹುದು. ಆಗ ಆಕೆಯ ಬ್ಯಾಂಕಿನ ಒಟಿಪಿ, ಸ್ಕಾಲರ್‌ಶಿಪ್ಪಿನ ಒಟಿಪಿ ಅವನ ಕೈಗೆ. ನಾನು ಹಾಕಿಕೊಡುವುದಿಲ್ಲ. "ಆಕಿನ್ನ ಕರ್ಕೊಂಡ್ ಬಾ, ಆಕಿ ಜಿಮೇಲ್ ಹಾಕೋಣು" ಅನ್ನುತ್ತೇನೆ. ಬಹಳ ಮಂದಿ ತಿರುಗಿ ಬರುವುದಿಲ್ಲ. ಮುಂದಿನ ಅಂಗಡಿಗೆ ಹೋಗುತ್ತಾರೆ.

ಗಿಫ್ಟ್ ಕೊಡುವಷ್ಟು ದುಡ್ಡಿಲ್ಲದವನಿಗೆ ವಾಟ್ಸಾಪ್‌ನ 'ಲಿಂಕ್ಡ್ ಡಿವೈಸಸ್' ಇದೆ. ಆಕೆಯ ಫೋನ್ ಒಂದು ನಿಮಿಷ ಕೈಗೆ ಸಿಕ್ಕರೆ ಸಾಕು. ಕ್ಯೂಆರ್ ಸ್ಕ್ಯಾನ್ ಮಾಡಿ ತನ್ನ ಲ್ಯಾಪ್‌ಟಾಪಿಗೆ ಜೋಡಿಸಿಕೊಳ್ಳುತ್ತಾನೆ. ಆಮೇಲೆ ಆಕೆ ಗೆಳತಿಗೆ ಬರೆದಿದ್ದೂ ಅವನಿಗೆ ಕಾಣುತ್ತೆ. "ನಾ ಹೇಳಲಾರದ್ದು ಅವಂಗ ಹ್ಯಾಂಗ ಗೊತ್ತಾಗತೈತಿ ರೀ?" ಅಂತ ಕೇಳಿಕೊಂಡು ಬಂದವರಿದ್ದಾರೆ. ಹೆಂಡತಿ ಸೆಟ್ಟಿಂಗ್ಸ್ ತೆಗೆದು, ಜೋಡಿಸಿರುವ ಲ್ಯಾಪ್‌ಟಾಪ್ ತೋರಿಸಿದಾಗ ಆ ಮುಖಗಳನ್ನು ನೀವು ನೋಡಬೇಕಿತ್ತು.

ಇವು ಕದ್ದು ನೋಡುವ ದಾರಿಗಳು. ಕೇಳಿ ಪಡೆಯುವುದು ಇದಕ್ಕಿಂತ ಜಾಸ್ತಿ. ಪಾಸ್‌ವರ್ಡ್ ಕೊಡು. ಫೋನ್‌ನಾಗ ನನ್ನ ಬೆರಳೂ ಸೇರಿಸು. ಲೈವ್ ಲೊಕೇಶನ್ ಹಾಕು. ವಾಟ್ಸಾಪ್ ಒಂದು ಸಲಕ್ಕೆ 8 ಗಂಟೆಯವರೆಗೆ ಲೊಕೇಶನ್ ಹಂಚಲು ಬಿಡುತ್ತೆ. ಕಾಲೇಜಿನ ದಿನ ಮುಗಿಯುವುದಕ್ಕೆ ಅಷ್ಟು ಸಾಕು. ಲೊಕೇಶನ್ನೂ ನಂಬದವನು ಬಸ್ ಟಿಕೆಟ್ ಕೇಳುತ್ತಾನೆ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾಗಿ ಬಾದಾಮಿ, ಕೆರೂರ, ಬೀಳಗಿ, ಹುನಗುಂದ ಕಡೆಯ ಹುಡುಗಿಯರಿಗೆ ಬಸ್ ಖರ್ಚು ತಪ್ಪಿತು. ಆ ಶೂನ್ಯ ಟಿಕೆಟ್ ಮೇಲೆ ಎಲ್ಲಿ ಹತ್ತಿದ್ದು, ಎಲ್ಲಿಗೆ ಹೊರಟಿದ್ದು, ಎಷ್ಟು ಹೊತ್ತಿಗೆ ಅಂತ ಇರುತ್ತೆ ಅಲ್ವಾ? ಅದರ ಫೋಟೋ ತೆಗೆದು ದಿನಾ ಅವನಿಗೆ ಕಳಿಸಬೇಕು. ಹೆಣ್ಣುಮಕ್ಕಳು ಯಾರ ಮುಂದೆಯೂ ಕೈ ಚಾಚದೆ ಓಡಾಡಲಿ ಅಂತ ಕೊಟ್ಟ ಚೀಟಿ ಅದು. ಈಗ ಹಾಜರಿ ಚೀಟಿ ಆಗಿದೆ.

ಬ್ಲಾಕ್ ಮಾಡಿದರೆ ಮುಗೀತು ಅಂದುಕೊಳ್ಳಬೇಡಿ. ಫೋನ್‌ಪೇಯಲ್ಲಿ ಒಂದು ರೂಪಾಯಿ ಹಾಕುತ್ತಾನೆ. ಜೊತೆಗೊಂದು ಸಾಲು: 'ಫೋನ್ ಎತ್ತು.' ಇನ್ನೊಂದು ರೂಪಾಯಿ: 'ಗೇಟ್ ಹತ್ರ ಅದೀನಿ.' ಮತ್ತೊಂದು: 'ಸಾಯ್ತೀನಿ.' ಬ್ಯಾಂಕಿನ ಸ್ಟೇಟ್‌ಮೆಂಟ್ ಪೂರ್ತಿ ಒಂದೊಂದು ರೂಪಾಯಿ ಜಮಾ. ಮನೆಯಲ್ಲಿ ಅಪ್ಪ ಪಾಸ್‌ಬುಕ್ ಎಂಟ್ರಿ ಮಾಡಿಸಿದರೆ ಏನು ಹೇಳಬೇಕು ಅನ್ನುವುದು ಆಕೆಗೆ ಇನ್ನೊಂದು ಚಿಂತೆ.

ಇನ್ನು ಬ್ಯಾಟರಿ. ನನ್ನ ಕಸುಬಿನ ಮಾತು, ಅದಕ್ಕೇ ಹೇಳುತ್ತೇನೆ. ಹಿಂದಿನ ಕವರ್ ಎದ್ದು ನಿಲ್ಲುವಷ್ಟು ಉಬ್ಬಿದ ಬ್ಯಾಟರಿ ಬಂದರೆ ರಾತ್ರಿ ಹೇಗೆ ಬಳಸುತ್ತೀರಿ ಅಂತ ಕೇಳುತ್ತೇನೆ. ಕೆಲವರ ಉತ್ತರ ಹೀಗಿರುತ್ತೆ: ಫೋನ್ ಚಾರ್ಜಿಗೆ ಹಾಕಿ ದಿಂಬಿನ ಪಕ್ಕ ಇಟ್ಟು ವಿಡಿಯೋ ಕಾಲ್ ಚಾಲೂ ಇಡಬೇಕು. ಮಾತೇನೂ ಇರುವುದಿಲ್ಲ. ಆಕೆ ನಿದ್ದೆ ಮಾಡುವುದು ಅವನಿಗೆ ಕಾಣುತ್ತಿರಬೇಕು. "ಓದಾಕ ಕುಂತೀನಿ ಅಂದ್ರ ನಂಬಂಗಿಲ್ಲ ರೀ. ಕಾಲ್ ಇಟ್ಕೊಂಡ ಓದು ಅಂತಾನ." ಈ ಮಾತು ಹೇಳಿದ ಹುಡುಗಿ ಮರುದಿನ ಇಂಟರ್ನಲ್ಸ್ ಬರೆಯಬೇಕಿತ್ತು. ಬ್ಯಾಟರಿ ಬೇಗ ಹಾಕಿಕೊಡಿ ಅಂತ ಅವಸರ ಮಾಡುತ್ತಿದ್ದಳು. ಪರೀಕ್ಷೆಗಾಗಿ ಅಲ್ಲ, ಸಂಜೆ ಫೋನ್ ಸ್ವಿಚ್ ಆಫ್ ಬಂದರೆ ಅವನು ಹಾಸ್ಟೆಲ್ ಮುಂದೆ ಬಂದು ನಿಲ್ಲುತ್ತಾನೆ ಅಂತ.

ಹಳ್ಳಿಯಿಂದ ಬಂದು ಹೋಗುವ ಹುಡುಗಿಯ ಪಾಡು ಇನ್ನೂ ಬಿಗಿ. ಮನೆ ಸೇರಿದ ಮೇಲೆ ಆ ಫೋನ್ ಆಕೆಯದಲ್ಲ. ತಮ್ಮ ಗೇಮ್ ಆಡುತ್ತಾನೆ. ಅವ್ವ ತವರಿಗೆ ಫೋನ್ ಮಾಡುತ್ತಾಳೆ. ಅಣ್ಣ "ತಾ ಇಲ್ಲೆ" ಅಂತ ಕಿತ್ತುಕೊಂಡು ಗ್ಯಾಲರಿ ತೆರೆಯುತ್ತಾನೆ. ಅದಕ್ಕೇ ಆಕೆ ಬಸ್ಸಿನಲ್ಲೇ ಚಾಟ್ ಅಳಿಸಿಬಿಡುತ್ತಾಳೆ. ಮರುದಿನ ಕಾಲೇಜಿನಲ್ಲಿ ಇವನು ಫೋನ್ ಇಸಿದುಕೊಂಡು, "ಯಾಕ ಅಳಿಸಿದಿ? ಯಾರ ಜೋಡಿ ಮಾತಾಡಿದ್ದಿ?" ಅನ್ನುತ್ತಾನೆ. ಉಳಿಸಿಕೊಂಡರೆ ಅಣ್ಣ, ಅಳಿಸಿದರೆ ಇವನು. ರಾತ್ರಿ ತಮ್ಮನ ಕೈಯಲ್ಲಿ ಫೋನ್ ಇದ್ದಾಗ ವಾಟ್ಸಾಪ್ 'ಆನ್‌ಲೈನ್' ತೋರಿಸಿದರೆ, ಯಾರಿಗೋ ಉತ್ತರ ಕೊಡುತ್ತಿದ್ದಾಳೆ ತನಗಿಲ್ಲ ಅಂತ ಅವನ ತಲೆ ಕೆಡುತ್ತೆ. ಹಳ್ಳಿಯಲ್ಲಿ ನೆಟ್‌ವರ್ಕ್ ಹೋದರೆ ಮೆಸೇಜಿಗೆ ಒಂದೇ ಟಿಕ್. ಆಕೆಯ ಫೋನಿಗೆ ಮುಟ್ಟಿಲ್ಲ ಅನ್ನುವುದಷ್ಟೇ ಅದರ ಅರ್ಥ. ಆದರೆ ಬ್ಲಾಕ್ ಮಾಡಿದರೂ ಒಂದೇ ಟಿಕ್ ಇರುತ್ತೆ ಅನ್ನುವುದೂ ನಿಜ. ಅನುಮಾನಕ್ಕೆ ಇನ್ನೇನು ಬೇಕು?

ಈ ಊರಿನಲ್ಲಿ ಇಬ್ಬರು ಕೂತು ಮಾತಾಡುವುದಕ್ಕೆ ಜಾಗ ಎಲ್ಲಿದೆ ಅಂತಲೂ ಸ್ವಲ್ಪ ಯೋಚನೆ ಮಾಡಿ. ಆಲಮಟ್ಟಿ ಹಿನ್ನೀರಿಗೆ ಮನೆ ಬಿಟ್ಟು ಬಂದವರಿಗಾಗಿ ಕಟ್ಟಿದ ಊರು ನವನಗರ. ಸೆಕ್ಟರ್ ನಂಬರ್ ಹೇಳಿದರೆ ಯಾರ ಮಗಳು ಅಂತ ಹೇಳುವವರು ಸಿಗುತ್ತಾರೆ. ಬಾದಾಮಿಗೆ ಹೋದರೂ, ಐಹೊಳೆಗೆ ಹೋದರೂ, ಕೂಡಲಸಂಗಮಕ್ಕೆ ಹೋದರೂ ಪರಿಚಯದವರ ಕಣ್ಣು ತಪ್ಪುವುದಿಲ್ಲ. ಯಾರೋ ಒಬ್ಬ ವಿಡಿಯೋ ಮಾಡಿ ಗ್ರೂಪಿಗೆ ಬಿಡುತ್ತಾನೆ. ಜಾತಿ, ಧರ್ಮ ಬೇರೆ ಆಗಿದ್ದರೆ ಅದರ ಕಥೆಯೇ ಬೇರೆ. ಹಾಗಾಗಿ ಪ್ರೀತಿ ಪೂರ್ತಿ ಫೋನಿನಲ್ಲೇ ನಡೆಯುತ್ತೆ. ಎದುರು ಕೂತರೆ ಮುಖ ನೋಡಿ ತಿಳಿಯುವುದನ್ನು ಇವರು ನೀಲಿ ಟಿಕ್ ನೋಡಿ ಊಹೆ ಮಾಡಬೇಕು. ಹೊಟ್ಟೆಕಿಚ್ಚು ಹಿಂದೆಯೂ ಇತ್ತು. ಹಿಂದೆ ಅದಕ್ಕೆ ರಾತ್ರಿ ಹನ್ನೊಂದೂವರೆಗೆ 'ಲಾಸ್ಟ್ ಸೀನ್' ಸಿಗುತ್ತಿರಲಿಲ್ಲ.

ಹುಡುಗರ ಬಗ್ಗೆಯೂ ಹೇಳಬೇಕು. ನನ್ನ ಹತ್ತಿರ ಕೂರುವವರು ಜಾಸ್ತಿ ಹುಡುಗರೇ. ಎಲ್ಲರೂ ದುಷ್ಟರಲ್ಲ. ಒಬ್ಬ ಐಟಿಐ ಮುಗಿಸಿ ಕೆಲಸ ಹುಡುಕುತ್ತಿದ್ದ. ಆಕೆ ಎಂಜಿನಿಯರಿಂಗ್. "ಆಕಿ ಪ್ಲೇಸ್‌ಮೆಂಟ್ ಆಗಿ ಬೆಂಗಳೂರಿಗೆ ಹೋಗ್ತಾಳ ಅಣ್ಣಾ. ಅಲ್ಲಿ ನನ್ನಂಥಾಂವ ಯಾರಿಗೆ ಬೇಕು?" ಅಂದ. ಪಕ್ಕದಲ್ಲಿದ್ದ ಗೆಳೆಯ, "ಆಕಿ ಏನ್ ನಿನ್ನ ಮಾತು ಕೇಳತಾಳೇನಲೇ" ಅಂತ ಚುಚ್ಚಿದ. ಅವನಿಗೆ ಇದ್ದದ್ದು ಭಯ. ಭಯ ಅಂತ ಹೇಳಿದರೆ ನಗುತ್ತಾರೆ. ಆಕೆಯ ಫೋನ್ ನನ್ನ ಕೈಯಲ್ಲೈತಿ ಅಂದರೆ ಮರ್ಯಾದೆ ಸಿಗುತ್ತೆ. ಈ ಪಾಠ ಅವನಿಗೆ ಹೇಳಿಕೊಟ್ಟವರು ಯಾರು? ಅವನ ಮನೆಯಲ್ಲೂ ತಂಗಿಯ ಫೋನ್ ನೋಡುವವನು ಅವನೇ. ಯಾರೂ ಬೇಡ ಅಂದಿಲ್ಲ. ಜವಾಬ್ದಾರಿ ಇರುವ ಮಗ ಅಂತ ಹೊಗಳಿದ್ದಾರೆ. ಹಾಸ್ಟೆಲಿಗೆ ಬಂದರೆ ಹುಡುಗರಿಗೆ ಗೇಟ್ ತೆರೆದೇ ಇರುತ್ತೆ, ಹುಡುಗಿಯರು ಮಾತ್ರ ತಾವು ಎಲ್ಲಿದ್ದೇವೆ ಅಂತ ಫೋಟೋ ಕಳಿಸಬೇಕು. ಒಂದು ಹಾಸ್ಟೆಲ್‌ನವರು ಊರಿಗೆ ಹೋಗುವಾಗ ಲೊಕೇಶನ್ ಕೇಳುತ್ತಾರೆ ಅಂತ ಹುಡುಗಿಯರೇ ಹೇಳಿದರು. ಕಾವಲೇ ಕಾಳಜಿ ಅಂತ ನಾವು ಹೇಳಿಕೊಟ್ಟಿದ್ದನ್ನು ಹುಡುಗ ಚೆನ್ನಾಗಿ ಕಲಿತಿದ್ದಾನೆ, ಅಷ್ಟೇ.

ಹುಡುಗಿಯರೂ ಇದನ್ನು ಮಾಡುತ್ತಾರೆ. ಹುಡುಗನ ಇನ್‌ಸ್ಟಾಗ್ರಾಂ ಪಾಸ್‌ವರ್ಡ್ ಇಸಿದುಕೊಂಡು, ಅವನ ಹೆಸರಿನಲ್ಲೇ ಅವನ ಕ್ಲಾಸಿನ ಹುಡುಗಿಯರಿಗೆ ಕೆಟ್ಟದಾಗಿ ಬರೆದು ಬ್ಲಾಕ್ ಮಾಡಿದವಳನ್ನು ನೋಡಿದ್ದೇನೆ. ಆ ಹುಡುಗ ಪ್ರಾಜೆಕ್ಟ್ ಟೀಮಿನಿಂದಲೇ ಹೊರಬಿದ್ದ. ಅವನಿಗೂ ನೋವೇ. ಆದರೆ ವಿಷಯ ಮನೆಗೆ ಗೊತ್ತಾದರೆ ಅವನಿಗೆ ಎರಡು ಬೈಗುಳ, ಆಕೆಗೆ ಕಾಲೇಜೇ ಬಂದ್. 'ಮನ್ಯಾಗ ಹೇಳ್ತೀನಿ' ಅನ್ನುವ ಮಾತು ಎರಡೂ ಕಡೆ ಒಂದೇ ತೂಕದ್ದಲ್ಲ.

ಈಗ ನಿಮ್ಮ ವಿಷಯಕ್ಕೆ ಬರುತ್ತೇನೆ.

ಡಿಗ್ರಿ ಎರಡನೇ ವರ್ಷದ ಹುಡುಗಿ. ಬಿಟ್ಟುಬಿಡು ಅಂದಿದ್ದಕ್ಕೆ ಅವನು ಹಳೇ ಫೋಟೋ ಅಣ್ಣನಿಗೆ ಕಳಿಸುತ್ತೇನೆ ಅಂತ ಹೆದರಿಸಿದ್ದ. ಆಕೆ ನಂಬಿಕೆಯಿದ್ದ ಒಬ್ಬ ಮೇಡಂಗೆ ಹೇಳಿದಳು. ಮೇಡಂ ಎಚ್‌ಒಡಿಗೆ ಹೇಳಿದರು. ಎಚ್‌ಒಡಿ ಅಪ್ಪನಿಗೆ ಫೋನ್ ಮಾಡಿದರು. ಯಾರೂ ಕೆಟ್ಟ ಮನಸ್ಸಿನಿಂದ ಮಾಡಿದ್ದಲ್ಲ, ಅದು ನನಗೂ ಗೊತ್ತು. ಅಪ್ಪ ಮಧ್ಯಾಹ್ನವೇ ಬಂದರು. ಮಗಳನ್ನು ಕರೆದುಕೊಂಡು ಹೋದರು. ಆಕೆ ಮತ್ತೆ ಕಾಲೇಜಿಗೆ ಬರಲಿಲ್ಲ. ಸ್ವಲ್ಪ ದಿನಕ್ಕೆ ಆ ಫೋನ್ ನನ್ನ ಅಂಗಡಿಗೆ ಬಂತು, ಅಪ್ಪನ ಕೈಯಲ್ಲಿ. "ಎಲ್ಲಾ ಅಳಿಸಿ ಮಾರಾಕ ಇಡ್ರಿ" ಅಂದರು. ಅವನು ಕಳಿಸಿದ ಬೆದರಿಕೆಗಳೂ ಅದರಲ್ಲೇ ಇದ್ದಾವು, ಕೇಸಿಗೆ ಅದೇ ಸಾಕ್ಷಿ, ಅಳಿಸಬೇಡಿ ಅಂದೆ. "ಕೇಸ್ ಯಾರಿಗ ಬೇಕಾಗೈತಿ? ನಿಶ್ಚಯ ಆಗೈತಿ" ಅಂತ ಫೋನ್ ತಗೊಂಡು ಹೋದರು. ಹುಡುಗ ಓದು ಮುಂದುವರಿಸಿದ. ಈಗಲೂ ಅಂಗಡಿಗೆ ಬಂದು ಇಯರ್‌ಫೋನ್ ತಗೊಂಡು ಹೋಗುತ್ತಾನೆ.

ಆ ಹುಡುಗಿಯ ಕ್ಲಾಸಿನ ಉಳಿದ ಹುಡುಗಿಯರು ಇದರಿಂದ ಏನು ಕಲಿತರು ಅಂದುಕೊಂಡಿದ್ದೀರಿ? ಅವರು ನಿಮ್ಮ ಹತ್ತಿರ ಬರುವುದಿಲ್ಲ. ನನ್ನ ಹೆಂಡತಿ, "ಮೇಡಂಗೆ ಹೇಳಬಾರದಾ?" ಅಂತ ಕೇಳಿದಾಗೆಲ್ಲ ಉತ್ತರ ಒಂದೇ: "ಬ್ಯಾಡ ರೀ, ಮನಿಗೆ ಫೋನ್ ಹಚ್ಚತಾರ." ಇದು ಹುಡುಗರಿಗೂ ಗೊತ್ತು. "ಹೋಗಿ ಹೇಳು, ಹೇಳಿದ್ರ ಯಾರ ಓದು ಬಂದ್ ಆಗತೈತಿ ನೋಡೋಣು" ಅಂತ ಬರೆದ ಮೆಸೇಜನ್ನು ನಾನೇ ಕಣ್ಣಾರೆ ನೋಡಿದ್ದೇನೆ. ನಿಮ್ಮ ಕಾಲೇಜಿನ ಪದ್ಧತಿ ಅವನಿಗೆ ನಿಮಗಿಂತ ಚೆನ್ನಾಗಿ ಅರ್ಥವಾಗಿದೆ.

ನಿಮ್ಮ ಕಷ್ಟವೂ ತಿಳಿಯುತ್ತೆ. ಫೀಸು ಕಟ್ಟುವವರು ಅಪ್ಪ ಅಮ್ಮ. ನಾಳೆ ಏನಾದರೂ ಆದರೆ 'ನಮಗ್ಯಾಕೆ ಹೇಳಲಿಲ್ಲ' ಅಂತ ನಿಮ್ಮ ಕೊರಳಪಟ್ಟಿ ಹಿಡಿಯುತ್ತಾರೆ. 2024ರ ಏಪ್ರಿಲ್‌ನಲ್ಲಿ ಹುಬ್ಬಳ್ಳಿಯಲ್ಲಿ ಕಾಲೇಜಿನ ಆವರಣದಲ್ಲೇ ವಿದ್ಯಾರ್ಥಿನಿಯ ಕೊಲೆಯಾಯಿತು. ತಿಂಗಳು ತುಂಬುವುದರೊಳಗೆ ಅದೇ ಊರಿನಲ್ಲಿ ಇನ್ನೊಬ್ಬ ಯುವತಿಯನ್ನು ಮನೆಗೆ ನುಗ್ಗಿ ಕೊಂದರು. ಬೆದರಿಕೆ ಇದೆ ಅಂತ ಮೊದಲೇ ಹೇಳಿದರೂ ಗಮನ ಕೊಡಲಿಲ್ಲ ಅನ್ನುವ ಆರೋಪಕ್ಕೆ ಪೊಲೀಸ್ ಸಿಬ್ಬಂದಿಯ ಅಮಾನತೂ ಆಯಿತು. ಆ ಎರಡು ತಿಂಗಳು ನಮ್ಮ ಕಡೆಯ ಅಪ್ಪಂದಿರು ಮಗಳನ್ನು ಬಸ್ ಸ್ಟ್ಯಾಂಡಿನವರೆಗೆ ತಾವೇ ಬಂದು ಬಿಟ್ಟು ಹೋದರು. ಟಿವಿಯವರು ಜಾತಿ ಧರ್ಮದ ಲೆಕ್ಕ ಹಾಕುತ್ತ ಕೂತರು. ಬೆದರಿಕೆ ಬಂದ ದಿನ ಹುಡುಗಿ ಯಾರ ಹತ್ತಿರ ಹೋಗಬೇಕು ಅನ್ನುವ ಪ್ರಶ್ನೆ ಅಲ್ಲೇ ಉಳಿಯಿತು. ಸುರಕ್ಷತೆಗಾಗಿ ಮನೆಗೆ ಹೇಳುತ್ತೇವೆ ಅನ್ನುತ್ತೀರಿ. ಮನೆಗೆ ಹೇಳುತ್ತೀರಿ ಅಂತಲೇ ಆಕೆ ಕೊನೆಯವರೆಗೂ ಹೇಳುವುದಿಲ್ಲ. ನಿಮಗೆ ಗೊತ್ತಾಗುವ ಹೊತ್ತಿಗೆ ಕೈ ಮೀರಿರುತ್ತೆ.

ಕಾನೂನು ಏನು ಹೇಳುತ್ತೆ ಅಂತ ಗಿರಾಕಿಯೊಬ್ಬರಾದ ವಕೀಲರನ್ನು ಕೂರಿಸಿಕೊಂಡು ಕೇಳಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 78ನೇ ಸೆಕ್ಷನ್ ಬೇಡ ಅಂದರೂ ಬೆನ್ನು ಹತ್ತುವುದರ ಬಗ್ಗೆ. ಹೆಣ್ಣುಮಗಳು ಇಂಟರ್ನೆಟ್, ಇಮೇಲ್, ಮೆಸೇಜ್ ಹೇಗೆ ಬಳಸುತ್ತಾಳೆ ಅಂತ ಕಣ್ಣಿಡುವುದೂ ಅದರಲ್ಲೇ ಬರುತ್ತೆ. ಮೊದಲ ಸಲಕ್ಕೆ 3 ವರ್ಷದವರೆಗೆ ಜೈಲು, ಮತ್ತೆ ಮಾಡಿದರೆ 5 ವರ್ಷದವರೆಗೆ. 77ನೇ ಸೆಕ್ಷನ್ ಖಾಸಗಿ ಚಿತ್ರದ ಬಗ್ಗೆ. ಅದರಲ್ಲಿ ಒಂದು ಮಾತು ಪ್ರತಿ ಹುಡುಗಿಗೂ ಗೊತ್ತಿರಬೇಕು: ಫೋಟೋ ತೆಗೆಯಲು ಆಕೆ ಒಪ್ಪಿದ್ದಳು ಅಂದ ಮಾತ್ರಕ್ಕೆ ಹಂಚಲು ಒಪ್ಪಿದಳು ಅಂತ ಅಲ್ಲ. ಒಪ್ಪಿಗೆಯಿಂದ ತೆಗೆದದ್ದನ್ನು ಒಪ್ಪಿಗೆ ಇಲ್ಲದೆ ಬೇರೆಯವರಿಗೆ ಕಳಿಸಿದರೂ ಅಪರಾಧ. "ನಾನಾ ಕಳಿಸಿದ್ದು ರೀ, ತಪ್ಪು ನಂದಾ" ಅಂತ ಅಳುವ ಹುಡುಗಿಯರಿಗೆ ಇದನ್ನು ಯಾರೂ ಹೇಳಿರುವುದಿಲ್ಲ. ಹುಡುಗರ ಪಾಲಿಗೂ ಐಟಿ ಕಾಯ್ದೆ ಇದೆ. ಬೇರೆಯವರ ಪಾಸ್‌ವರ್ಡನ್ನು ಮೋಸದಿಂದ ಬಳಸಿದರೆ 66ಸಿ, ಖಾಸಗಿ ಅಂಗಗಳ ಚಿತ್ರ ಒಪ್ಪಿಗೆ ಇಲ್ಲದೆ ತೆಗೆದರೆ ಅಥವಾ ಹಂಚಿದರೆ 66ಇ. ಅಲ್ಲಿ ಗಂಡು ಹೆಣ್ಣು ಅನ್ನುವ ಭೇದ ಇಲ್ಲ. ದೂರನ್ನು ಯಾವ ಠಾಣೆಯಲ್ಲಾದರೂ ಕೊಡಬಹುದು, ಜೀರೋ ಎಫ್‌ಐಆರ್ ಮಾಡಿ ಅಲ್ಲಿಂದ ಸಂಬಂಧಪಟ್ಟ ಠಾಣೆಗೆ ಅವರೇ ಕಳಿಸಬೇಕು. ಜಮಖಂಡಿಯ ಹುಡುಗಿ ಬಾಗಲಕೋಟೆಯಲ್ಲಿ ದೂರು ಕೊಟ್ಟರೆ 'ನಿಮ್ಮೂರಿಗೆ ಹೋಗವ್ವ' ಅನ್ನುವಂತಿಲ್ಲ.

ಗುಟ್ಟು ಅನ್ನುವುದು ಹಕ್ಕೋ ಅಲ್ಲವೋ ಅಂತ ವಾದ ಮಾಡುವವರು ನಿಮ್ಮಲ್ಲೂ ಇದ್ದಾರೆ. ಖಾಸಗಿತನ ಮೂಲಭೂತ ಹಕ್ಕು ಅಂತ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಹೇಳಿ ಆಗಿದೆ. ಆ ಕೇಸಿಗೆ ಯಾರ ಹೆಸರಿದೆ ಗೊತ್ತಾ? ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರದು. ಹದಿನೆಂಟು ತುಂಬಿದ ವಿದ್ಯಾರ್ಥಿನಿ ಮತ ಹಾಕಬಹುದು, ಮದುವೆಯನ್ನೂ ಆಗಬಹುದು. ತನ್ನ ದೂರು ಯಾರ ಕಿವಿಗೆ ಬೀಳಬೇಕು ಅಂತ ಮಾತ್ರ ಹೇಳುವಂತಿಲ್ಲವಾ?

ನಿಮ್ಮ ಕಾಲೇಜಿನಲ್ಲೇ ಇದಕ್ಕೊಂದು ದಾರಿ ಇರಬೇಕು. ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ, ಅದರ ಮೇಲೆ 2015ರ ಯುಜಿಸಿ ನಿಯಮದ ಪ್ರಕಾರ ಪ್ರತಿ ಡಿಗ್ರಿ, ಎಂಜಿನಿಯರಿಂಗ್ ಕಾಲೇಜಿನಲ್ಲಿ ಆಂತರಿಕ ದೂರು ಸಮಿತಿ ಇರಬೇಕು. ಹೊರಗಿನ ಸದಸ್ಯರೊಬ್ಬರು ಇರಬೇಕು. ವಿದ್ಯಾರ್ಥಿಗಳ ವಿಷಯವಾದರೆ ವಿದ್ಯಾರ್ಥಿಗಳೇ ಆರಿಸಿದ ಮೂವರು ವಿದ್ಯಾರ್ಥಿ ಸದಸ್ಯರೂ ಕೂರಬೇಕು. ದೂರು ಕೊಟ್ಟವಳ ಹೆಸರು ಹೊರಗೆ ಹೋಗುವಂತಿಲ್ಲ. ಸಮಿತಿ ನಿಮ್ಮಲ್ಲಿ ಇದೆ, ಕಾಲೇಜಿಗೆ ಗ್ರೇಡ್ ಕೊಡುವ ನ್ಯಾಕ್‌ಗೆ ತೋರಿಸುವ ಫೈಲಿನಲ್ಲಿ ಇದೆ. ಅದರಲ್ಲಿ ಯಾರಿದ್ದಾರೆ ಅಂತ ಅಂಗಡಿಗೆ ಬಂದ ಹುಡುಗಿಯರನ್ನು ಕೇಳಿದರೆ ಒಬ್ಬರೂ ಹೇಳಲಾರರು. ಮೂಲೆಯ ಬೋರ್ಡಿನಲ್ಲಿ ಎರಡು ವರ್ಷದ ಹಿಂದೆ ವರ್ಗವಾಗಿ ಹೋದ ಮೇಡಂ ಹೆಸರು ಇನ್ನೂ ಇರುತ್ತೆ.

ಪಿಯು ಮಕ್ಕಳ ವಿಷಯ ಸೂಕ್ಷ್ಮ. ಹದಿನೆಂಟು ತುಂಬದವರ ಮೇಲೆ ಲೈಂಗಿಕ ಅಪರಾಧ ಆಗಿದೆ ಅಂತ ಗೊತ್ತಾದರೆ 2012ರ ಪೋಕ್ಸೊ ಕಾಯ್ದೆ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಅಲ್ಲಿ ನೀವು 'ಯಾರಿಗೂ ಹೇಳುವುದಿಲ್ಲ' ಅಂತ ಮಾತು ಕೊಡಲು ಬರುವುದಿಲ್ಲ, ಕೊಡಲೂಬಾರದು. ಅದನ್ನು ಮಗುವಿಗೆ ಮೊದಲೇ ಹೇಳಿ. ಪರಸ್ಪರ ಒಪ್ಪಿಗೆ ಇತ್ತು ಅನ್ನುವ ಮಾತು ಈ ಕಾಯ್ದೆಯಲ್ಲಿ ನಡೆಯುವುದಿಲ್ಲ ಅಂತ ಹುಡುಗರಿಗೂ ಹೇಳಿ. ಹದಿನೇಳರ ಹುಡುಗಿಯ ಖಾಸಗಿ ಫೋಟೋ ಫೋನಿನಲ್ಲಿ ಇಟ್ಟುಕೊಂಡವನು ತಾನು ಎಂಥ ಕೆಂಡ ಇಟ್ಟುಕೊಂಡಿದ್ದೇನೆ ಅಂತ ತಿಳಿಯದೆ ಓಡಾಡುತ್ತಿರುತ್ತಾನೆ. ಮನೆಯವರಿಗೆ ತಿಳಿಯಲೇಬೇಕಾದಾಗಲೂ ಹೇಳುವ ರೀತಿ ಇದೆ. ಅಪ್ಪನಿಗೆ ಕ್ಲರ್ಕ್ ಕೈಯಿಂದ ಫೋನ್ ಮಾಡಿಸಿ 'ನಿಮ್ಮ ಮಗಳ ವಿಷಯ, ಬೇಗ ಬರ್ರಿ' ಅನ್ನುವುದು ರೀತಿಯಲ್ಲ. 1098 ಮಕ್ಕಳ ಸಹಾಯವಾಣಿ ಇದೆ, ಮಕ್ಕಳ ಕಲ್ಯಾಣ ಸಮಿತಿ ಇದೆ. ಅವರನ್ನು ಜೊತೆಗೆ ಕೂರಿಸಿಕೊಳ್ಳಿ. ನಮ್ಮ ಜಿಲ್ಲೆಗಳಲ್ಲಿ ಇಂಥ ಫೋನ್ ಕರೆಯ ಬೆನ್ನಿಗೇ ಬಾಲ್ಯವಿವಾಹ ನಡೆಯುತ್ತೆ ಅನ್ನುವುದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು.

ಹಾಗಾದರೆ ಏನು ಮಾಡಬೇಕು ಅಂತ ಕೇಳಿದರೆ, ಅಡ್ಮಿಶನ್ ದಿನವೇ ಒಂದು ಮಾತನ್ನು ಬರೆದು ಕೊಡಿ: ಹದಿನೆಂಟು ತುಂಬಿದವರು ಬೆದರಿಕೆಯ ದೂರು ತಂದರೆ ಅವರನ್ನು ಕೇಳದೆ ಮನೆಗೆ ತಿಳಿಸುವುದಿಲ್ಲ, ಅವರ ಫೋನ್ ಕಿತ್ತುಕೊಳ್ಳುವುದಿಲ್ಲ, ಪ್ರೀತಿ ಮಾಡಿದ್ದಕ್ಕೆ ಟಿಸಿ ಕೊಡುವುದಿಲ್ಲ. ಪೋಷಕರ ಎದುರಿಗೇ ಇದನ್ನು ಓದಿ ಹೇಳಿ. ಕೆಲವರು ಸಿಟ್ಟಾಗುತ್ತಾರೆ. ಆಗಲಿ. ಪ್ರಾಣಕ್ಕೇ ಅಪಾಯ ಇದ್ದರೆ ತುರ್ತು ನಂಬರ್ 112ಕ್ಕೆ ಹೇಳುವುದು ಬೇರೆ ಮಾತು, ಅದನ್ನೂ ಅದೇ ಹಾಳೆಯಲ್ಲಿ ಬರೆಯಿರಿ. ಹುಡುಗ ಬೇರೆ ಕಾಲೇಜಿನವನು ಅಂತ ಕೈ ತೊಳೆದುಕೊಳ್ಳಬೇಡಿ. ಆಕೆಯ ಜೊತೆ ಠಾಣೆಯವರೆಗೆ ಹೋಗಲು ಒಬ್ಬ ಮೇಡಂ ಸಿಕ್ಕರೆ ಅರ್ಧ ಭಯ ಅಲ್ಲೇ ಹೋಗುತ್ತೆ. ಜಿಲ್ಲೆಗೊಂದು ಸಿಇಎನ್ ಠಾಣೆ (ಸೈಬರ್ ಅಪರಾಧ ನೋಡುವ ಪೊಲೀಸ್ ಠಾಣೆ) ಇದೆ, ನೊಂದ ಹೆಣ್ಣುಮಕ್ಕಳಿಗೆ ಸಖಿ ಕೇಂದ್ರ ಇದೆ, ಮಹಿಳಾ ಸಹಾಯವಾಣಿ 181 ಇದೆ, ಸೈಬರ್ ದೂರಿಗೆ 1930 ಇದೆ. ಕೇಂದ್ರದ ಸೈಬರ್ ಕ್ರೈಮ್ ಪೋರ್ಟಲ್‌ನಲ್ಲಿ ಲೈಂಗಿಕ ಚಿತ್ರ, ವಿಡಿಯೋ ಬಗ್ಗೆ ಹೆಸರು ಹೇಳದೆಯೂ ದೂರು ಕೊಡಬಹುದು. ಫೋಟೋ ಇನ್ನೂ ಹೊರಗೆ ಬಂದಿಲ್ಲ, ಬರುತ್ತೆ ಅನ್ನುವ ಭಯ ಇದ್ದರೆ 'ಸ್ಟಾಪ್‌ಎನ್‌ಸಿಐಐ' ಅನ್ನುವ ತಾಣ ಇದೆ. ಫೋಟೋ ಅಲ್ಲಿಗೆ ಕಳಿಸಬೇಕಿಲ್ಲ. ನಮ್ಮ ಫೋನಿನಲ್ಲೇ ಅದರಿಂದ ಒಂದು ಗುರುತಿನ ಸಂಖ್ಯೆ ತಯಾರಾಗಿ, ಅಷ್ಟೇ ಹೋಗುತ್ತೆ. ಅದೇ ಫೋಟೋ ಫೇಸ್‌ಬುಕ್, ಇನ್‌ಸ್ಟಾಗ್ರಾಂನಂಥ ಕಡೆ ಏರಿಸಿದರೆ ಹಿಡಿಯಲು ಆಗುತ್ತೆ. ಹದಿನೆಂಟರ ಒಳಗಿನವರಿಗೆ 'ಟೇಕ್ ಇಟ್ ಡೌನ್' ಅಂತ ಬೇರೆಯದೇ ಇದೆ. ವಾಟ್ಸಾಪ್ ಚಾಟಿನಲ್ಲಿ ಕೈಯಿಂದ ಕೈಗೆ ಹೋಗುವುದಕ್ಕೆ ಇವು ಮದ್ದಲ್ಲ ಅನ್ನುವುದನ್ನೂ ಹೇಳಿಬಿಡಿ, ಸುಳ್ಳು ಧೈರ್ಯ ಬೇಡ.

ಇನ್ನೊಂದು ಮಾತು. ನೀವಾಗಲಿ, ಬೇರೆ ರಿಪೇರಿಯವರಾಗಲಿ ಉತ್ಸಾಹದಲ್ಲಿ ಒಮ್ಮೆಗೇ ಎಲ್ಲ ಕಿತ್ತು ಹಾಕಬೇಡಿ. ಹುಡುಗಿ ಬಂದರೆ ನಾವು ಮೊದಲು ಕೇಳುವುದು, "ಇದನ್ನ ತೆಗದ್ರ ಅವಂಗ ಗೊತ್ತಾಗತೈತಿ. ಗೊತ್ತಾದ್ರ ಏನ್ ಮಾಡ್ತಾನ?" ಅಂತ. ಲೊಕೇಶನ್ ನಿಂತ ರಾತ್ರಿ, ಪಾಸ್‌ವರ್ಡ್ ಬದಲಾದ ರಾತ್ರಿ ಅವನ ಸಿಟ್ಟು ನೆತ್ತಿಗೇರುತ್ತೆ. ಬಿಟ್ಟು ಬರುವ ಹೊತ್ತೇ ಹೆಚ್ಚು ಅಪಾಯದ್ದು. ಆಗ ಆಕೆ ಒಬ್ಬಳೇ ಇರಬಾರದು. ಗೆಳತಿಯ ರೂಮಿಗೆ ಹೋಗಲಿ, ಒಬ್ಬ ದೊಡ್ಡವರಿಗೆ ಗೊತ್ತಿರಲಿ. ಮೊದಲು ಬೆದರಿಕೆಗಳ ಸ್ಕ್ರೀನ್‌ಶಾಟ್, ತಾರೀಕು, ನಂಬರ್ ಕಾಣುವಂತೆ, ಬೇರೆಯವರ ಫೋನಿನಲ್ಲೂ ಒಂದು ಪ್ರತಿ. ಆಮೇಲೆ ಲಿಂಕ್ಡ್ ಡಿವೈಸಸ್, ಜಿಮೇಲಿನ 'ಯುವರ್ ಡಿವೈಸಸ್', ಬೆರಳಚ್ಚಿನ ಪಟ್ಟಿ, ಮ್ಯಾಪಿನ ಲೊಕೇಶನ್ ಶೇರಿಂಗ್, ಕೊನೆಗೆ ಪಾಸ್‌ವರ್ಡ್. ಅರ್ಧ ಗಂಟೆಯ ಕೆಲಸ. ಇದಕ್ಕೆ ನಾವು ದುಡ್ಡು ತಗೊಳ್ಳುವುದಿಲ್ಲ.

ಹುಡುಗರನ್ನೂ ಕೂರಿಸಿಕೊಂಡು ಮಾತಾಡಿ. ಮಹಿಳಾ ದಿನಾಚರಣೆಗೆ ಅವರಿಗೆ ರಜೆ ಕೊಟ್ಟು ಹುಡುಗಿಯರಿಗೆ ಮಾತ್ರ ಭಾಷಣ ಇಟ್ಟರೆ ಏನು ಬಂತು? ಆಕೆ ಬೆಂಗಳೂರಿಗೆ ಹೋಗುತ್ತಾಳೆ ಅಂತ ಹೆದರಿದ್ದ ಹುಡುಗನಿಗೆ ನಾನು ಒಂದು ಕಪ್ ಚಹಾ ತರಿಸಿ ಕೂರಿಸಿಕೊಂಡಿದ್ದೆ. ಎಲ್ಲಾ ಕೇಳಿದ ಮೇಲೆ ಅವನು ಕೇಳಿದ್ದು, "ಹಂಗಾರ ಆಕಿ ಬಿಟ್ಟ ಹೋದ್ರ ನಾ ಏನ್ ಮಾಡ್ಲಿ?" ಅಂತ. ಆ ಪ್ರಶ್ನೆಗೆ ಉತ್ತರ ಕೊಡುವವರು ನಿಮ್ಮ ಸ್ಟಾಫಿನಲ್ಲಿ ಯಾರಾದರೂ ಇದ್ದಾರಾ? ಇದ್ದರೆ ಅವರಿಗೆ ವಾರಕ್ಕೊಂದು ಪೀರಿಯಡ್ ಕೊಡಿ.

ಈ ಪತ್ರದಲ್ಲಿ ಹೆಸರು ಹಾಕಿಲ್ಲ. ಹಾಕಿದರೆ ನಮ್ಮ ಅಂಗಡಿಗೆ ಯಾವ ಹುಡುಗಿಯರು ಬರುತ್ತಾರೆ ಅಂತ ನೋಡಲು ಎದುರಿನ ಕಟ್ಟೆ ಮೇಲೆ ಜನ ಕೂರುತ್ತಾರೆ. ನಿಮ್ಮ ಆಫೀಸಿಗೆ ಕೊಟ್ಟ ಪ್ರತಿಯ ಹಿಂದೆ ನನ್ನ ನಂಬರ್ ಬರೆದಿದ್ದೇನೆ. ಜೂನಿನಲ್ಲಿ ಹೊಸ ಮಕ್ಕಳು ಬಂದಾಗ ಒಂದು ಗಂಟೆ ಕೊಟ್ಟರೆ ನಾವಿಬ್ಬರೂ ಬಂದು ಈ ಸೆಟ್ಟಿಂಗ್‌ಗಳನ್ನು ತೋರಿಸಿ ಹೋಗುತ್ತೇವೆ. ಪ್ರೊಜೆಕ್ಟರ್ ಬೇಡ, ಹಾರ ಶಾಲು ಬೇಡ. ಅವತ್ತು ಒಂದು ದಿನ ಮಕ್ಕಳ ಫೋನುಗಳನ್ನು ಗೇಟಿನಲ್ಲಿ ಇಸಿದುಕೊಳ್ಳಬೇಡಿ, ಅಷ್ಟೇ.

ಇಂತಿ ನಿಮ್ಮ,
ಕಾಲೇಜು ದಾರಿಯ ಮೊಬೈಲ್ ರಿಪೇರಿಯವನು,
ಬಾಗಲಕೋಟೆ